ಫೋನ್ ಕಳೆದರೆ ಇ-ರೂಪಾಯಿ ಗತಿ ಏನು?

ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಕೇಳಿದ್ದರು: "ಇ-ರೂಪಾಯಿ ಇರುವ ಫೋನ್ ಕಳೆದರೆ ದುಡ್ಡೂ ಹೋದ ಹಾಗೇನಾ? ಕಾನೂನು ಏನು ಹೇಳುತ್ತದೆ?"

ಮೊದಲು ಚುಟುಕಾಗಿ. ಯುಪಿಐಯಲ್ಲಿ ಹೋಗುವುದು ನಿಮ್ಮ ಬ್ಯಾಂಕ್ ಖಾತೆಯ ದುಡ್ಡು. ಇ-ರೂಪಾಯಿ ಹಾಗಲ್ಲ, ರಿಸರ್ವ್ ಬ್ಯಾಂಕೇ (ಆರ್‌ಬಿಐ) ಹೊರಡಿಸುವ ಡಿಜಿಟಲ್ ನೋಟು. 2022ರ ಡಿಸೆಂಬರ್ 1ರಂದು ಪ್ರಯೋಗವಾಗಿ ಜನರ ಕೈಗೆ ಬಂತು. ಮೊದಲ ನಾಲ್ಕು ಊರುಗಳಲ್ಲಿ ಬೆಂಗಳೂರೂ ಒಂದು.

ಆದರೆ ಆರ್‌ಬಿಐ ಕಾಯ್ದೆ 1934ರದು. ಆಗ ನೋಟು ಅಂದರೆ ಕಾಗದ, ಅಷ್ಟೇ. 2022ರಲ್ಲಿ ತಿದ್ದುಪಡಿ ತಂದು ಡಿಜಿಟಲ್ ನೋಟನ್ನೂ ಅದರಲ್ಲಿ ಸೇರಿಸಿದರು. ಜೊತೆಗೆ 22ಎ ಅನ್ನುವ ಹೊಸ ಸೆಕ್ಷನ್ ಬಂತು. ಐದು ಹಳೇ ಸೆಕ್ಷನ್‌ಗಳು ಡಿಜಿಟಲ್ ನೋಟಿಗೆ ಅನ್ವಯಿಸುವುದಿಲ್ಲ ಅಂತ ಅದು ಹೇಳುತ್ತದೆ.

ಆ ಐದರಲ್ಲಿ ಸೆಕ್ಷನ್ 27 ನೋಡಿ. ಹರಿದ, ತೀರಾ ಕೊಳೆಯಾದ ನೋಟನ್ನು ಆರ್‌ಬಿಐ ಮತ್ತೆ ಹೊರಗೆ ಬಿಡಬಾರದು. ಸಂತೆಯಲ್ಲಿ ಕೈ ಬದಲಾಯಿಸಿ, ಬೆವರಲ್ಲಿ ನೆನೆದು, ಸೆರಗಿನ ಗಂಟಲ್ಲಿ ಮುದುಡಿದ ಹತ್ತು ರೂಪಾಯಿ ನೆನಪಿಸಿಕೊಳ್ಳಿ. ಅಂಥ ನೋಟಿಗಾಗಿ ಬರೆದ ಸೆಕ್ಷನ್ ಅದು. ಫೋನಿನಲ್ಲಿರುವ ನೋಟು ಕೊಳೆಯಾಗುವುದೇ ಇಲ್ಲ, ಅಲ್ವಾ?

ನಾನು ನಿಂತುಬಿಟ್ಟಿದ್ದು 28ರ ಹತ್ತಿರ. ಕಳೆದುಹೋದ, ಕಳುವಾದ, ಹರಿದ ನೋಟಿನ ಬೆಲೆಯನ್ನು ಹಕ್ಕಿನಿಂದ ಕೇಳುವ ಹಾಗಿಲ್ಲ. ಬ್ಯಾಂಕಿನಲ್ಲಿ ಹರಿದ ನೋಟು ಬದಲಾಯಿಸಿ ಕೊಡುತ್ತಾರಲ್ಲ, ಅದು ನಮ್ಮ ಹಕ್ಕಲ್ಲ. ಕಾಯ್ದೆಯ ಪ್ರಕಾರ ಅದು ಕೃಪೆ! ಈ ತಡೆ ಡಿಜಿಟಲ್ ನೋಟಿಗಿಲ್ಲ. ಹಾಗಂತ ಹಕ್ಕು ಬಂತಾ? ಅದೂ ಇಲ್ಲ. ತಡೆ ತೆಗೆದರು, ಆ ಜಾಗದಲ್ಲಿ ಏನನ್ನೂ ಬರೆಯಲಿಲ್ಲ. ಹಾಗಾಗಿ ಫೋನ್ ಕಳೆದರೆ ವಾಲೆಟ್, ಅಂದರೆ ಇ-ರೂಪಾಯಿ ಇಡುವ ಆ್ಯಪ್, ಕೊಟ್ಟ ಬ್ಯಾಂಕಿನ ಷರತ್ತುಗಳನ್ನೇ ನೋಡಬೇಕು. ಇದು ಕಾಯ್ದೆಯಲ್ಲೇ ಇರಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಸಮಯ ಆಗುತ್ತಿದೆ, ಇನ್ನೆರಡು ಮಾತು. 2016ರಲ್ಲಿ 500, 1000ದ ನೋಟು ರದ್ದಾಗಿದ್ದು ಸೆಕ್ಷನ್ 26ರ ಅಡಿ. ಆ ಸೆಕ್ಷನ್‌ನಿಂದ ಡಿಜಿಟಲ್ ನೋಟಿಗೆ 22ಎ ವಿನಾಯಿತಿ ಕೊಟ್ಟಿಲ್ಲ, ಅಂದರೆ ಅದು ಇ-ರೂಪಾಯಿಗೂ ಅನ್ವಯಿಸುತ್ತದೆ.

ಇನ್ನೊಂದು, ಇಂಥದ್ದಕ್ಕೇ ಖರ್ಚಾಗಬೇಕು ಅಂತ ದುಡ್ಡನ್ನೇ ಕಟ್ಟಿಹಾಕುವುದು. ಯುರೋಪಿನಲ್ಲಿ ಡಿಜಿಟಲ್ ಯೂರೋ ತರಲು ಬರೆದ 2023ರ ಕಾನೂನಿನ ಕರಡು ಅದು ಕೂಡದು ಅನ್ನುತ್ತದೆ. ಅಮೆರಿಕದಲ್ಲಿ 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಡಿಜಿಟಲ್ ಡಾಲರ್ ತರುವ ಕೆಲಸವನ್ನೇ ನಿಲ್ಲಿಸಿದರು. ನಮ್ಮ ಆರ್‌ಬಿಐ ಹೀಗೆ ಕಟ್ಟಿಹಾಕಿದ ದುಡ್ಡಿನ ಪ್ರಯೋಗ ಶುರು ಮಾಡಿದೆ. ಗೊಬ್ಬರಕ್ಕೆ ಕೊಟ್ಟ ದುಡ್ಡು ಗೊಬ್ಬರಕ್ಕೇ ಹೋಗಲಿ, ಒಳ್ಳೇದೇ. ಆದರೆ ಆ ಕಟ್ಟು ಯಾರು ಹಾಕಬಹುದು, ಎಷ್ಟು ದಿನ ಹಾಕಬಹುದು ಅಂತ 22ಎಯಲ್ಲಿ ಒಂದು ಸಾಲೂ ಇಲ್ಲ.