ಚೆಂಡು ಕಾಲಲ್ಲಿ ಇಲ್ಲದಾಗ: ಮಾರಿಯೊ ಜಗಾಲೊ ಅವರ ಆಟ

ಕೇಳುಗರಿಗೆ ನಮಸ್ಕಾರ.

ಸಂಜೆಯ ಆಟ ಮುಗಿಸಿ ಈಗಷ್ಟೇ ಬೂಟು ಬಿಚ್ಚುತ್ತಿರುವ ಹುಡುಗ ಹುಡುಗಿಯರೇ, ಅವರನ್ನು ಮೈದಾನಕ್ಕೆ ಕರೆತರುವ ಅಪ್ಪ ಅಮ್ಮಂದಿರೇ, ಇವತ್ತಿನ ಮಾತು ಮುಖ್ಯವಾಗಿ ನಿಮಗಾಗಿ. ಬ್ರೆಜಿಲ್ ಅಂದ ಕೂಡಲೇ ಪೆಲೆ ಹೆಸರು ಬರುತ್ತದೆ, ಗರಿಂಚಾ ಹೆಸರು ಬರುತ್ತದೆ. ಅವರ ಜೊತೆಗೇ ಆಡಿದ ಮಾರಿಯೊ ಜಗಾಲೊ ಅವರ ಹೆಸರು ನಮ್ಮಲ್ಲಿ ಅಷ್ಟಾಗಿ ಬರುವುದಿಲ್ಲ. ಆಟಗಾರನಾಗಿ 1958ರಲ್ಲಿ ಮತ್ತು 1962ರಲ್ಲಿ ವಿಶ್ವಕಪ್ ಗೆದ್ದವರು ಅವರು. 1970ರಲ್ಲಿ ಕೋಚ್ ಆಗಿ ಗೆದ್ದರು. ಆಡಿಯೂ ಗೆದ್ದು, ಆಡಿಸಿಯೂ ಗೆದ್ದವರಲ್ಲಿ ಜಗತ್ತಿಗೇ ಮೊದಲಿಗರು.

ನಾನು ಮಕ್ಕಳಿಗೆ ಫುಟ್‌ಬಾಲ್ ಕಲಿಸುವವನು. ದಿನವೂ ಕೇಳುವ ಪ್ರಶ್ನೆಯೊಂದಿದೆ: ನಿನ್ನ ಕಾಲಲ್ಲಿ ಚೆಂಡು ಇಲ್ಲದಾಗ ನೀನು ಏನು ಮಾಡುತ್ತಿದ್ದೀಯ? ತೊಂಬತ್ತು ನಿಮಿಷದ ಆಟದಲ್ಲಿ ಒಬ್ಬನ ಕಾಲಿಗೆ ಚೆಂಡು ಸಿಗುವುದು ಎರಡೋ ಮೂರೋ ನಿಮಿಷ. ಉಳಿದ ಹೊತ್ತೆಲ್ಲ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರೆ ಆಟ ಬರುವುದಿಲ್ಲ. ಈ ಪ್ರಶ್ನೆಗೆ ಜಗಾಲೊ ಅವರ ಇಡೀ ಬದುಕೇ ಉತ್ತರ.

1950ರಿಂದ ಶುರು ಮಾಡುತ್ತೇನೆ. ಆ ವರ್ಷ ವಿಶ್ವಕಪ್ ನಡೆದದ್ದು ಬ್ರೆಜಿಲಿನಲ್ಲೇ. ರಿಯೊ ನಗರದಲ್ಲಿ ಅದಕ್ಕೆಂದೇ ಮರಕಾನಾ ಎಂಬ ಭಾರೀ ಕ್ರೀಡಾಂಗಣ ಕಟ್ಟಿದ್ದರು. ಜುಲೈ 16, ಕೊನೆಯ ಪಂದ್ಯ, ಎದುರಾಳಿ ಉರುಗ್ವೆ. ಬ್ರೆಜಿಲಿಗೆ ಗೆಲುವೂ ಬೇಕಿರಲಿಲ್ಲ, ಡ್ರಾ ಆದರೆ ಸಾಕಿತ್ತು. ಒಳಗೆ ಸುಮಾರು ಎರಡು ಲಕ್ಷ ಜನ. ಆ ಜನಸಾಗರದ ಬಂದೋಬಸ್ತಿಗೆ ಸೈನಿಕರನ್ನು ನಿಲ್ಲಿಸಿದ್ದರು. ಅವರಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬ, ಕಡ್ಡಾಯ ಸೈನಿಕ ಸೇವೆಯಲ್ಲಿದ್ದವನು, ಸಮವಸ್ತ್ರದಲ್ಲಿ ನಿಂತಿದ್ದ. ಅವನೇ ಜಗಾಲೊ.

ವಿರಾಮ ಮುಗಿದ ಕೂಡಲೇ ಬ್ರೆಜಿಲ್ ಗೋಲು ಹೊಡೆಯಿತು. ಕಪ್ ಬಂದೇಬಿಟ್ಟಿತು ಎಂದು ಊರಿಗೆ ಊರೇ ಕುಣಿಯಿತು. ಆಮೇಲೆ ಉರುಗ್ವೆಯ ಬಲ ವಿಂಗಿನ, ಅಂದರೆ ಮೈದಾನದ ಬಲ ಅಂಚಿನಲ್ಲಿ ಆಡುವ, ಗಿಜಿಯಾ ಎಂಬ ಸಣಕಲು ಆಟಗಾರ ಓಡತೊಡಗಿದ. ಬ್ರೆಜಿಲಿನ ಎಡಬದಿಯಲ್ಲಿ ಅವನನ್ನು ತಡೆಯಬೇಕಾದವನು ಬಿಗೋಡಿ. ಗಿಜಿಯಾ ಅವನನ್ನು ದಾಟಿ ಹೋಗಿ ಚೆಂಡನ್ನು ಮಧ್ಯಕ್ಕೆ ಕೊಟ್ಟ, ಸ್ಕಿಯಾಫಿನೊ ಗೋಲು ಮಾಡಿದ. ಒಂದಕ್ಕೊಂದು ಸಮ. ಆಟ ಮುಗಿಯಲು ಹನ್ನೊಂದು ನಿಮಿಷ ಇದ್ದಾಗ ಅದೇ ಗಿಜಿಯಾ, ಅದೇ ದಾರಿ, ಅದೇ ಬಿಗೋಡಿ. ಈ ಸಲವೂ ಮಧ್ಯಕ್ಕೇ ಕೊಡುತ್ತಾನೆಂದು ಗೋಲಿ ಬಾರ್ಬೋಸಾ ಒಂದು ಹೆಜ್ಜೆ ಆಚೆ ಸರಿದ. ಗಿಜಿಯಾ ಚೆಂಡನ್ನು ನೇರವಾಗಿ ಗೋಲಿನೊಳಕ್ಕೇ ಒದ್ದ. ಉರುಗ್ವೆ ಎರಡು-ಒಂದರಿಂದ ಗೆದ್ದಿತು. ಎರಡು ಲಕ್ಷ ಜನರ ಬಾಯಿ ಕಟ್ಟಿಹೋಯಿತು. ಆ ಮೌನವನ್ನು ಜಗಾಲೊ ಸಾಯುವವರೆಗೂ ಮರೆಯಲಿಲ್ಲ.

ಬ್ರೆಜಿಲಿನವರು ಜೀವನಪೂರ್ತಿ ಬಾರ್ಬೋಸಾನನ್ನು ಬೈದರು, ಬಿಗೋಡಿಯನ್ನು ಬೈದರು. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ. ಬಿಗೋಡಿ ಒಮ್ಮೆ ಸೋತ, ಸರಿ. ಎರಡನೇ ಸಲ ಅವನು ಒಂಟಿಯಾಗಿ ಯಾಕೆ ಇದ್ದ? ಗೋಲು ಹೊಡೆಯುವ ಆಸೆಯಿಂದ ಮುಂದೆ ನಿಂತವರಲ್ಲಿ ಒಬ್ಬರಾದರೂ ಹಿಂದಕ್ಕೆ ಓಡಿ ಬಂದು ಅವನ ಪಕ್ಕ ನಿಲ್ಲಬಹುದಿತ್ತಲ್ಲ?

ಈಗ ಎಂಟು ವರ್ಷ ಮುಂದೆ ಹೋಗೋಣ. 1958, ಸ್ವೀಡನ್. ಬ್ರೆಜಿಲ್ ತಂಡದ ಎಡ ವಿಂಗಿನಲ್ಲಿ, ಮರಕಾನಾದಲ್ಲಿ ಬಾಗಿಲು ತೆರೆದುಕೊಂಡಿದ್ದ ಅದೇ ಎಡಬದಿಯಲ್ಲಿ, ಅಂದು ಕಾವಲು ನಿಂತಿದ್ದ ಸೈನಿಕ ಆಡುತ್ತಿದ್ದಾರೆ. ಆಗಿನ ವಿಂಗ್ ಆಟಗಾರರು ಗೆರೆಯ ಪಕ್ಕ ನಿಂತು ಚೆಂಡಿಗಾಗಿ ಕಾಯುತ್ತಿದ್ದರು. ಜಗಾಲೊ ಕಾಯಲಿಲ್ಲ. ಚೆಂಡು ಕೈತಪ್ಪಿದ ಕೂಡಲೇ ಹಿಂದಕ್ಕೆ ಓಡಿ ಬರುತ್ತಿದ್ದರು, ಎಡಬದಿಯ ಡಿಫೆಂಡರ್ ನಿಲ್ಟನ್ ಸಾಂಟೋಸ್ ಅವರ ಮುಂದೆ ನಿಲ್ಲುತ್ತಿದ್ದರು. ಚೆಂಡು ಸಿಕ್ಕ ಕೂಡಲೇ ಮತ್ತೆ ಮುಂದೆ. ಹಾಗಾಗಿ ಬ್ರೆಜಿಲಿನ ಮಿಡ್‌ಫೀಲ್ಡಿನಲ್ಲಿ ಅಂದರೆ ಮೈದಾನದ ನಡುಭಾಗದಲ್ಲಿ ಇಬ್ಬರ ಬದಲು ಮೂವರು ಇದ್ದಂತಾಯಿತು. ಅವರನ್ನು ಅಲ್ಲಿನ ಜನ ಪ್ರೀತಿಯಿಂದ 'ಪುಟ್ಟ ಇರುವೆ' ಎಂದು ಕರೆದರು. ಎಡಗಡೆ ಇವರು ಇಷ್ಟು ದುಡಿದದ್ದರಿಂದಲೇ ಬಲಗಡೆ ಗರಿಂಚಾ ಮನಸ್ಸಿಗೆ ಬಂದ ಹಾಗೆ ಆಡಲು ಸಾಧ್ಯವಾಯಿತು. ಹಿಂದಕ್ಕೆ ಓಡಿದರೆ ಗೋಲು ಹೊಡೆಯುವುದು ಹೇಗೆ ಎಂದು ನನ್ನ ಹುಡುಗರು ಕೇಳುತ್ತಾರೆ. ಫೈನಲಿನಲ್ಲಿ ಬ್ರೆಜಿಲಿನ ನಾಲ್ಕನೇ ಗೋಲು ಜಗಾಲೊ ಅವರದೇ! ಐದು-ಎರಡರಿಂದ ಗೆದ್ದರು. 1962ರಲ್ಲಿ ಚಿಲಿಯಲ್ಲಿ ಪೆಲೆ ಎರಡನೇ ಪಂದ್ಯದಲ್ಲೇ ಗಾಯಗೊಂಡು ಹೊರಗುಳಿದರು, ಆದರೂ ಕಪ್ ಬಂತು. ಎಡಗಡೆ ಅದೇ ಇರುವೆ.

1970ರ ಮಾರ್ಚ್‌ನಲ್ಲಿ, ವಿಶ್ವಕಪ್ಪಿಗೆ ಮೂರು ತಿಂಗಳೂ ಇಲ್ಲದಾಗ, ಕೋಚ್ ಸಲ್ಡಾನಾ ಅವರನ್ನು ತೆಗೆದು ಜಗಾಲೊ ಅವರನ್ನು ಕರೆದರು. ವಯಸ್ಸು ಮೂವತ್ತೆಂಟು. ಪೆಲೆ, ಟೊಸ್ಟಾವೊ, ರಿವೆಲಿನೊ, ಜೆರ್ಸನ್, ಜೈರ್ಜಿನ್ಹೊ — ಐವರೂ ಆಟ ಕಟ್ಟುವವರು, ಚೆಂಡು ತಮ್ಮ ಕಾಲಿಗೇ ಬರಲಿ ಎನ್ನುವವರು. ಎಲ್ಲರನ್ನೂ ಒಟ್ಟಿಗೆ ಆಡಿಸಲಾಗದು ಎಂದರು ತಿಳಿದವರು. ಜಗಾಲೊ ಐವರನ್ನೂ ಇಳಿಸಿದರು. ರಿವೆಲಿನೊಗೆ ಎಡಬದಿ ಕೊಟ್ಟರು; ಚೆಂಡು ಹೋದಾಗ ಹಿಂದೆ ಬರಬೇಕು, ತಾವು ಬರುತ್ತಿದ್ದ ಹಾಗೆ. ಮಿಡ್‌ಫೀಲ್ಡಿನ ಪಿಯಾಜಾನನ್ನು ಡಿಫೆನ್ಸಿಗೆ ಇಳಿಸಿದರು. ಚೆಂಡು ಕಳೆದುಕೊಂಡರೆ ಎಲ್ಲರೂ ಚೆಂಡಿನ ಹಿಂದೆ ಬರಬೇಕು, ಪೆಲೆಯೂ ಸೇರಿ.

ಸೆಮಿಫೈನಲಿನಲ್ಲಿ ಎದುರಾದದ್ದು ಯಾರು? ಉರುಗ್ವೆ! 1950ರ ನಂತರ ವಿಶ್ವಕಪ್ಪಿನಲ್ಲಿ ಮೊದಲ ಸಲ. ಮೊದಲ ಗೋಲೂ ಅವರದೇ. ಬ್ರೆಜಿಲ್ ಸಮ ಮಾಡಿ, ಮೂರು-ಒಂದರಿಂದ ಗೆದ್ದಿತು. ಇದರ ಬಗ್ಗೆ ಇನ್ನೂ ಹೇಳಬಹುದಿತ್ತು, ಆದರೆ ಸಮಯ ಓಡುತ್ತಿದೆ.

ಉಳಿದದ್ದು ಚುಟುಕಾಗಿ. 1974ರಲ್ಲೂ ಕೋಚ್; ಹಾಲೆಂಡ್ ಎದುರು ಸೋತು ಫೈನಲ್ ತಪ್ಪಿತು, ಕೊನೆಗೆ ನಾಲ್ಕನೇ ಸ್ಥಾನ. ಹಾಲೆಂಡಿನವರು ಹತ್ತು ಜನವೂ ಚೆಂಡಿಲ್ಲದೆ ಓಡುತ್ತಿದ್ದರು, ಜಗಾಲೊ ಅವರ ಪಾಠವನ್ನು ಅವರಿಗೇ ಒಪ್ಪಿಸಿದರು. ಆಮೇಲೆ ಕುವೈತ್, ಸೌದಿ ತಂಡಗಳಿಗೆ ಕೋಚ್. ಯುಎಇ ತಂಡವನ್ನು 1990ರ ವಿಶ್ವಕಪ್ಪಿಗೆ ಅರ್ಹಗೊಳಿಸಿದವರೂ ಇವರೇ. ಆಗ ದುಬೈಯಲ್ಲಿ ದುಡಿಯುತ್ತಿದ್ದ ನಮ್ಮ ಕರಾವಳಿಯ ಹಿರಿಯರಿಗೆ ನೆನಪಿದ್ದೀತು. 1994ರಲ್ಲಿ ಬ್ರೆಜಿಲ್ ಗೆದ್ದಾಗ ಕೋಚ್ ಪರೇರಾ ಅವರ ಜೊತೆಗಿದ್ದರು, ಜಗಾಲೊ ಅವರಿಗೆ ಅದು ನಾಲ್ಕನೇ ಕಪ್. 1998ರಲ್ಲಿ ಮತ್ತೆ ಕೋಚ್, ಫೈನಲಿನಲ್ಲಿ ಫ್ರಾನ್ಸ್ ಎದುರು ಸೋಲು. 2024ರ ಜನವರಿ 5ರಂದು ತೊಂಬತ್ತೆರಡನೇ ವಯಸ್ಸಿನಲ್ಲಿ ತೀರಿಕೊಂಡರು.

ಒಂದು ಕೆಲಸ ಕೊಡುತ್ತೇನೆ, ಇವತ್ತು ರಾತ್ರಿಯೇ ಮಾಡಿ. 1970ರ ಫೈನಲಿನಲ್ಲಿ ಇಟಲಿ ವಿರುದ್ಧ ಬ್ರೆಜಿಲಿನ ಬಲಬದಿಯ ಡಿಫೆಂಡರ್ ಕಾರ್ಲೋಸ್ ಆಲ್ಬರ್ಟೊ ಹೊಡೆದ ಕೊನೆಯ ಗೋಲಿನ ವಿಡಿಯೊ ಹುಡುಕಿ. ಎಲ್ಲರೂ ಪೆಲೆಯ ಪಾಸ್ ನೋಡುತ್ತಾರೆ, ಆ ಒದೆತ ನೋಡುತ್ತಾರೆ. ನೀವು ಜೈರ್ಜಿನ್ಹೊನನ್ನು ನೋಡಿ. ಬಲಗಡೆ ಆಡುವವನು ಎಡಕ್ಕೆ ಹೋಗಿದ್ದಾನೆ, ಕಾವಲಿಗಿದ್ದ ಫಕ್ಕೆಟಿಯನ್ನೂ ಎಳೆದುಕೊಂಡು ಹೋಗಿದ್ದಾನೆ. ಇಟಲಿಯವರು ಒಬ್ಬೊಬ್ಬನ ಬೆನ್ನು ಹತ್ತುತ್ತಾರೆಂದು ಜಗಾಲೊ ಮೊದಲೇ ಲೆಕ್ಕ ಹಾಕಿದ್ದರು. ಬಲಬದಿ ಖಾಲಿಯಾದದ್ದು ಹಾಗೆ, ಕಾರ್ಲೋಸ್ ಆಲ್ಬರ್ಟೊ ಓಡಿ ಬಂದದ್ದು ಅಲ್ಲಿಗೇ. ಅದಕ್ಕೂ ಮೊದಲು, ಎಂಬತ್ತಾರನೇ ನಿಮಿಷದಲ್ಲಿ, ಮೂರು-ಒಂದರಿಂದ ಮುಂದಿರುವಾಗ, ತಂಡದಲ್ಲಿ ಎಲ್ಲರಿಗಿಂತ ಮುಂದೆ ಆಡುವ ಸೆಂಟರ್ ಫಾರ್ವರ್ಡ್ ಟೊಸ್ಟಾವೊ ತನ್ನದೇ ಅಂಗಳದೊಳಗೆ ಓಡಿ ಬಂದು ಇಟಲಿಯವನ ಕಾಲಿಂದ ಚೆಂಡು ಕಸಿಯುತ್ತಾನೆ. ವಿಡಿಯೊವನ್ನು ಅಲ್ಲಿಂದ ಶುರು ಮಾಡಿ.

ನಮಸ್ಕಾರ.