ಇಪ್ಪತ್ತೆಂಟು ದಿನ ಕಾಯಿಸಿದ ಡಿವಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

2010ರ ಬೇಸಿಗೆಯಲ್ಲಿ ನಾನು ನ್ಯೂಜೆರ್ಸಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಒಂದು ಶುಕ್ರವಾರ ಸಂಜೆ ಅಕ್ಕ ನನ್ನನ್ನೂ ತನ್ನ ಮಗನನ್ನೂ ದಿನಸಿ ಅಂಗಡಿಗೆ ಕಳಿಸಿದಳು. ಅಂಗಡಿಯ ಬಾಗಿಲ ಪಕ್ಕದಲ್ಲೇ ಒಂದು ಕೆಂಪು ಪೆಟ್ಟಿಗೆ ನಿಂತಿತ್ತು. ನಮ್ಮ ಮನೆಗಳ ಗಾಡ್ರೇಜ್ ಬೀರುವಿನಷ್ಟು ಎತ್ತರ. ಅದರ ಮುಂದೆ ನಾಲ್ಕೈದು ಜನ ಸಾಲಾಗಿ ನಿಂತಿದ್ದರು. ಪರದೆಯ ಮೇಲೆ ಸಿನಿಮಾದ ಚಿತ್ರ ಮುಟ್ಟಬೇಕು, ಕಾರ್ಡ್ ಉಜ್ಜಬೇಕು, ಒಳಗೆ ಏನೋ ಗರಗರ ತಿರುಗಿ ಸಂದಿಯಿಂದ ಡಿವಿಡಿ ಹೊರಗೆ ಬರುತ್ತದೆ. ಒಂದು ರಾತ್ರಿಗೆ ಒಂದು ಡಾಲರ್. ಮಾರನೆಯ ದಿನ ರಾತ್ರಿ ಒಂಬತ್ತರೊಳಗೆ ವಾಪಸ್ ಹಾಕಿದರೆ ಆಯಿತು. ಅದೇ ಪೆಟ್ಟಿಗೆಗೇ ಹಾಕಬೇಕು ಅಂತಲೂ ಇಲ್ಲ, ಊರಿನ ಯಾವ ಪೆಟ್ಟಿಗೆಗಾದರೂ ಹಾಕಬಹುದು. ಹೆಸರು ರೆಡ್‌ಬಾಕ್ಸ್.

ಅಕ್ಕನ ಮಗನಿಗೆ ಆಗ ಒಂಬತ್ತು ವರ್ಷ. ಅವನಿಗೆ ಬೇಕಾದ ಸಿನಿಮಾ ಪೆಟ್ಟಿಗೆಯಲ್ಲಿ ಇರಲಿಲ್ಲ. ಸರಿ, ಹಾಲು, ಸೊಪ್ಪು ತರೋಣ ಅಂತ ಒಳಗೆ ಹೋದೆವು. ಹಣ ಕೊಡುವ ಕೌಂಟರಿನ ಹತ್ತಿರ ಅದೇ ಸಿನಿಮಾದ ಡಿವಿಡಿಗಳನ್ನು ಗೋಪುರದ ಹಾಗೆ ಜೋಡಿಸಿಟ್ಟಿದ್ದರು. ಬೆಲೆ ಹೆಚ್ಚುಕಡಿಮೆ ಇಪ್ಪತ್ತು ಡಾಲರ್. ಹುಡುಗ ನನ್ನ ಕೈ ಹಿಡಿದು ಕೇಳಿದ: "ಮಾಮ, ಒಳಗಿದೆಯಲ್ಲ, ಹೊರಗೆ ಯಾಕಿಲ್ಲ?"

ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಅದನ್ನೇ ಇವತ್ತು ನಿಮಗೆ ಹೇಳಬೇಕು ಅಂತ ಬಂದಿದ್ದೇನೆ.

ಡಿವಿಡಿ ಮಾರಾಟದಿಂದ ಅಮೆರಿಕದ ಸ್ಟುಡಿಯೋಗಳು, ಅಂದರೆ ಸಿನಿಮಾ ತಯಾರಿಸುವ ಕಂಪನಿಗಳು, ಥಿಯೇಟರಿಗಿಂತ ಜಾಸ್ತಿ ದುಡ್ಡು ಕಂಡ ಕಾಲ ಒಂದಿತ್ತು. 2010ರ ಹೊತ್ತಿಗೆ ಆ ಮಾರಾಟ ಇಳಿಯುತ್ತಾ ಬಂದಿತ್ತು. ಹೊಸ ಡಿವಿಡಿ ಬಹುಪಾಲು ಖರ್ಚಾಗುವುದು ಅಂಗಡಿಗೆ ಬಂದ ಮೊದಲ ಕೆಲವು ವಾರಗಳಲ್ಲೇ. ಅದೇ ವಾರಗಳಲ್ಲಿ ಬಾಗಿಲಲ್ಲೇ ಒಂದು ಡಾಲರಿಗೆ ಬಾಡಿಗೆಗೆ ಸಿಕ್ಕಿಬಿಟ್ಟರೆ ಇಪ್ಪತ್ತು ಡಾಲರ್ ಕೊಡುವವರು ಯಾರು? ಇದು ಸ್ಟುಡಿಯೋಗಳ ಲೆಕ್ಕ. ಹಾಗಾಗಿ ಬಾಡಿಗೆಯವರಿಗೆ ತಡವಾಗಿ ಕೊಡೋಣ ಎಂದು ತೀರ್ಮಾನಿಸಿದವು. ಯೂನಿವರ್ಸಲ್ 45 ದಿನ ಅಂದಿತು, ಫಾಕ್ಸ್ 30 ದಿನ, ವಾರ್ನರ್ ಬ್ರದರ್ಸ್ 28 ದಿನ. ಎಲ್ಲರೂ ಹೀಗೆ ಮಾಡಲಿಲ್ಲ. ಸೋನಿ, ಲಯನ್ಸ್‌ಗೇಟ್, ಪ್ಯಾರಮೌಂಟ್ ಮೊದಲ ದಿನವೇ ಕೊಡಲು ಒಪ್ಪಿದವು.

ರೆಡ್‌ಬಾಕ್ಸ್ ಸುಮ್ನೆ ಕೂರಲಿಲ್ಲ. 2008ರ ಅಕ್ಟೋಬರಿನಲ್ಲಿ ಯೂನಿವರ್ಸಲ್ ಮೇಲೆ ಕೋರ್ಟಿಗೆ ಹೋಯಿತು. 2009ರ ಆಗಸ್ಟಿನಲ್ಲಿ ಫಾಕ್ಸ್ ಮೇಲೆ, ಹಿಂದೆಯೇ ವಾರ್ನರ್ ಮೇಲೆ. ಕೇಸು ಮುಗಿಯುವವರೆಗೆ ಪೆಟ್ಟಿಗೆ ಖಾಲಿ ಇಡಲು ಆಗುತ್ತದಾ? ಅಮೆರಿಕದಲ್ಲಿ ಹೊಸ ಡಿವಿಡಿ ಅಂಗಡಿಗೆ ಬರುತ್ತಿದ್ದದ್ದು ಮಂಗಳವಾರ. ರೆಡ್‌ಬಾಕ್ಸಿನ ಕೆಲಸಗಾರರು ವಾಲ್‌ಮಾರ್ಟ್‌ನಂಥ ಅಂಗಡಿಗಳಿಗೆ ಹೋಗಿ, ನಮ್ಮ ನಿಮ್ಮ ಹಾಗೆಯೇ ದುಡ್ಡು ಕೊಟ್ಟು, ಕೈಗಾಡಿ ತುಂಬ ಡಿವಿಡಿ ಕೊಂಡು ತಂದು ಪೆಟ್ಟಿಗೆಗೆ ತುಂಬಿದರು. ಸ್ಟುಡಿಯೋ ಕೊಡದಿದ್ದರೆ ಬೇಡ, ಪೇಟೆಯಲ್ಲಿ ಸಿಗುತ್ತದಲ್ಲ!

ಹೀಗೆ ಮಾಡುವುದಕ್ಕೆ ಕಾನೂನಿನ ಬಲವೂ ಇತ್ತು. ಅದರ ಬೇರು ಇರುವುದು ಒಂದು ಪುಸ್ತಕದ ಜಗಳದಲ್ಲಿ, ಅದೂ 1908ರಲ್ಲಿ ತೀರ್ಪಾದದ್ದು. ಒಬ್ಬ ಪ್ರಕಾಶಕರು ಕಾದಂಬರಿಯೊಂದರ ಒಳಪುಟದಲ್ಲಿ, ಒಂದು ಡಾಲರಿಗಿಂತ ಕಡಿಮೆಗೆ ಇದನ್ನು ಮಾರುವ ಹಾಗಿಲ್ಲ ಎಂದು ಅಚ್ಚು ಹಾಕಿಸಿದ್ದರು. ನ್ಯೂಯಾರ್ಕಿನ ಮೇಸೀಸ್ ಅಂಗಡಿ ಅದನ್ನು 89 ಸೆಂಟಿಗೆ ಮಾರಿತು. ಸುಪ್ರೀಂ ಕೋರ್ಟ್ ಅಂಗಡಿಯ ಪರ ನಿಂತಿತು. ಒಂದು ಸಲ ಮಾರಿದ ಮೇಲೆ ಆ ಪ್ರತಿಯನ್ನು ಕೊಂಡವರು ಎಷ್ಟಕ್ಕೆ ಮಾರಬೇಕು ಎಂದು ಪ್ರಕಾಶಕರು ಹೇಳುವಂತಿಲ್ಲ ಅಂದಿತು. ಆ ಮಾತೇ ಮುಂದೆ ಬೆಳೆದು, ದುಡ್ಡು ಕೊಟ್ಟು ಕೊಂಡ ಡಿವಿಡಿಯನ್ನು ಬಾಡಿಗೆಗೆ ಕೊಡುವವರಿಗೂ ಆಸರೆಯಾಯಿತು. ನೂರು ವರ್ಷ ಹಿಂದಿನ ಹನ್ನೊಂದು ಸೆಂಟಿನ ಜಗಳ ಅಕ್ಕನ ಬೀದಿಯ ಪೆಟ್ಟಿಗೆಯವರೆಗೆ ಬಂದಿತ್ತು ಅಂದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಆದರೂ ಕೊನೆಗೆ ರಾಜಿಯಾಯಿತು. ಅಂಚೆಯಲ್ಲಿ ಡಿವಿಡಿ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ 2010ರ ಜನವರಿಯಲ್ಲೇ ವಾರ್ನರ್‌ನ 28 ದಿನಕ್ಕೆ ಒಪ್ಪಿಕೊಂಡಿತ್ತು. ಅದಕ್ಕೆ ಬದಲಾಗಿ ಕಡಿಮೆ ಬೆಲೆಗೆ ಹೆಚ್ಚು ಡಿಸ್ಕು, ಇಂಟರ್ನೆಟ್ಟಿನಲ್ಲಿ ತೋರಿಸಲು ಹೆಚ್ಚು ಸಿನಿಮಾ ಸಿಕ್ಕವು. ಫೆಬ್ರವರಿಯಲ್ಲಿ ರೆಡ್‌ಬಾಕ್ಸ್ ಕೂಡ ವಾರ್ನರ್ ಜೊತೆ ಅದೇ 28 ದಿನದ ಒಪ್ಪಂದ ಮಾಡಿಕೊಂಡಿತು, ಏಪ್ರಿಲಿನಲ್ಲಿ ಯೂನಿವರ್ಸಲ್, ಫಾಕ್ಸ್ ಜೊತೆ. ಪಾಪ, ಹುಡುಗನ ಪ್ರಶ್ನೆಗೆ ಉತ್ತರ ಇಷ್ಟೇ. ಒಳಗಿನ ಗೋಪುರ ಕರಗಲಿ ಅಂತ ಹೊರಗಿನ ಪೆಟ್ಟಿಗೆ ಕಾಯುತ್ತಿತ್ತು.

ಇಲ್ಲಿ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಸಿನಿಮಾ ಮೊದಲು ಟಾಕೀಸಿನಲ್ಲಿ ಓಡಲಿ, ಆಮೇಲೆ ಮನೆಗೆ ಬರಲಿ ಅನ್ನುವುದು ನನಗೆ ಒಪ್ಪಿಗೆ. ಕೆಂಪೇಗೌಡ ರಸ್ತೆಯ ಟಾಕೀಸುಗಳು ಒಂದೊಂದೇ ಬಾಗಿಲು ಹಾಕಿದ್ದನ್ನು ಕಣ್ಣಾರೆ ಕಂಡವನು ನಾನು. ಹಿಂದಿ ಸಿನಿಮಾ ಎಂಟು ವಾರಕ್ಕೆ ಮೊದಲು ಒಟಿಟಿಗೆ ಹೋಗಬಾರದು ಎಂದು ಮಲ್ಟಿಪ್ಲೆಕ್ಸಿನವರು ಹಟ ಹಿಡಿದರೆ ಅದರ ಹಿಂದೆ ಗೇಟ್ ಕಾಯುವವರ, ಪ್ರೊಜೆಕ್ಟರ್ ಓಡಿಸುವವರ ಅನ್ನವಿದೆ. ಆ ಕಾಯುವಿಕೆ ಒಂದು ಜಾಗವನ್ನು ಉಳಿಸುತ್ತದೆ. ಆದರೆ ಈ 28 ದಿನ ಬಂದದ್ದು ಥಿಯೇಟರಿನ ಓಟ ಮುಗಿದ ಮೇಲೆ. ಡಿಸ್ಕು ತಯಾರಾಗಿದೆ, ಅಂಗಡಿಯಲ್ಲಿ ಕೂತಿದೆ. ಇಪ್ಪತ್ತು ಡಾಲರ್ ಇದ್ದವರು ಇವತ್ತು ನೋಡಬಹುದು, ಒಂದು ಡಾಲರ್ ಇದ್ದವರು ಮುಂದಿನ ತಿಂಗಳು ಬನ್ನಿ. ಇದು ನನಗೆ ಆಗಲೂ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

2012ರಲ್ಲಿ ವಾರ್ನರ್ ಆ 28 ದಿನವನ್ನು 56 ಮಾಡಿತು. ರೆಡ್‌ಬಾಕ್ಸ್ ಆಗಲ್ಲ ಅಂದುಬಿಟ್ಟಿತು, ಮತ್ತೆ ಅಂಗಡಿಗಳಿಂದಲೇ ಕೊಂಡು ತಂದಿತು. ಅದೇ ವರ್ಷ ಅಕ್ಟೋಬರಿನಲ್ಲಿ ವಾರ್ನರ್ ಅವರಿಗೆ 28ಕ್ಕೇ ಇಳಿಯಿತು. ಕೈಗಾಡಿ ತಳ್ಳಿಕೊಂಡು ಹೋಗುವ ದಾರಿ ಇದ್ದದ್ದರಿಂದಲೇ ಇಷ್ಟು ಚೌಕಾಸಿ ಸಾಧ್ಯವಾಯಿತು ಅನ್ನುವುದು ನನ್ನ ನಂಬಿಕೆ.

ನಮ್ಮ ದೇಶದಲ್ಲಿ ಆ ದಾರಿಯೇ ಇರಲಿಲ್ಲ. ನಾನು ಹಾಸನದಲ್ಲಿ ಬೆಳೆದವನು. ಶನಿವಾರ ಬಂದರೆ ಕ್ಯಾಸೆಟ್ ಓಡಿಸುವ ವಿಸಿಪಿ ಬಾಡಿಗೆಗೆ ತಂದು, ಮೂರು ಕ್ಯಾಸೆಟ್ ತಂದು, ಓಣಿಯವರೆಲ್ಲ ನಮ್ಮ ನಡುಮನೆಯಲ್ಲಿ ಬೆಳಗಿನವರೆಗೆ ಕೂತು ನೋಡುತ್ತಿದ್ದೆವು. ರಿವೈಂಡ್ ಮಾಡಿ ಕೊಡದಿದ್ದರೆ ಕ್ಯಾಸೆಟ್ ಲೈಬ್ರರಿಯ ಅಣ್ಣ ಬೈಯುತ್ತಿದ್ದರು. ಕಾನೂನಿನ ಯೋಚನೆ ಯಾರಿಗಿತ್ತು? ಭಾರತದ ಕಾಪಿರೈಟ್ ಕಾಯ್ದೆ ಸಿನಿಮಾದ ಮಟ್ಟಿಗೆ ಬೇರೆಯೇ ಮಾತು ಹೇಳುತ್ತಿತ್ತು. ಪ್ರತಿ ಹಿಂದೆ ಮಾರಾಟವಾಗಿದ್ದರೂ ಸರಿ, ಅದನ್ನು ಬಾಡಿಗೆಗೆ ಕೊಡುವ ಹಕ್ಕು ಸಿನಿಮಾದ ಹಕ್ಕುದಾರರದ್ದೇ. 2009ರ ಏಪ್ರಿಲಿನಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಇಂಥದೊಂದು ಪ್ರಕರಣ ಬಂತು. ಹೊರದೇಶದಲ್ಲಿ ದುಡ್ಡು ಕೊಟ್ಟು ಕೊಂಡ ಅಸಲಿ ಡಿವಿಡಿಗಳನ್ನು ಇಲ್ಲಿ ಬಾಡಿಗೆಗೆ ಕೊಡುತ್ತಿದ್ದರು. ಕಳ್ಳ ಕಾಪಿಗಳಲ್ಲ, ನೆನಪಿರಲಿ. ಕೇಸು ಹಾಕಿದ್ದು ಅದೇ ವಾರ್ನರ್ ಬ್ರದರ್ಸ್. ಬಾಡಿಗೆ ನಿಲ್ಲಿಸಿ ಎಂದು ಕೋರ್ಟ್ ಹೇಳಿತು. ಅದೇ ಸ್ಟುಡಿಯೋ, ಅದೇ ವರ್ಷ, ಅದೇ ಥರದ ಡಿಸ್ಕು. ಅಲ್ಲಿ ಪೆಟ್ಟಿಗೆಯಲ್ಲಿಟ್ಟು ಬಾಡಿಗೆಗೆ ಕೊಡಬಹುದು, ಇಲ್ಲಿ ಕೊಡುವಂತಿಲ್ಲ.

ಈಗ ಅಲ್ಲಿಯೂ ಆ ದಾರಿ ಮುಚ್ಚುತ್ತಿದೆ. ಯಾರೂ ಕಾನೂನು ಬದಲಿಸಲಿಲ್ಲ, ಡಿಸ್ಕೇ ಮಾಯವಾಗುತ್ತಾ ಬಂದಿದೆ. ಇವತ್ತು ಹೊಸ ಸಿನಿಮಾವನ್ನು ಆ್ಯಪಿನಲ್ಲಿ ಬಾಡಿಗೆಗೆ ತೆಗೆದುಕೊಂಡರೆ ಅವಧಿ ಮುಗಿದ ಕೂಡಲೇ ಹೋಗುತ್ತದೆ. ಬೆಲೆ, ದಿನ, ಯಾವ ದೇಶಕ್ಕೆ ಮೊದಲು, ಎಲ್ಲ ಅವರ ಕೈಯಲ್ಲಿ. ಕೈಗಾಡಿ ತಳ್ಳಿಕೊಂಡು ಹೋಗಿ ಕೊಂಡು ತರಲು ಅಂಗಡಿಯಲ್ಲಿ ಡಿಸ್ಕು ಸಿಗುವುದೇ ಕಡಿಮೆಯಾಗುತ್ತಿದೆ. ನಾಳೆ 28 ದಿನವನ್ನು 90 ಮಾಡಿದರೆ ಆಗಲ್ಲ ಅನ್ನುವವರು ಯಾರು? ನನ್ನನ್ನು ಕಾಡುವುದು ಇದು.

ರೆಡ್‌ಬಾಕ್ಸ್ 2024ರಲ್ಲಿ ದಿವಾಳಿಯಾಯಿತು. ಸುಮಾರು 24,000 ಕೆಂಪು ಪೆಟ್ಟಿಗೆಗಳು ಅಂಗಡಿಗಳ ಮುಂದೆ ಕೇಳುವವರಿಲ್ಲದೆ ನಿಂತುಬಿಟ್ಟವು. ಅದಕ್ಕೆ ಹಿಂದಿನ ವರ್ಷ, 2023ರ ಸೆಪ್ಟೆಂಬರ್ 29ರಂದು ನೆಟ್‌ಫ್ಲಿಕ್ಸ್ ತನ್ನ ಕೊನೆಯ ಡಿವಿಡಿಗಳನ್ನು ಅಂಚೆಗೆ ಹಾಕಿತು. ಈ ಸಲ ವಾಪಸ್ ಕಳಿಸಬೇಕಾಗಿಲ್ಲ, ನೀವೇ ಇಟ್ಟುಕೊಳ್ಳಿ ಎಂದು ಗಿರಾಕಿಗಳಿಗೆ ಹೇಳಿತು.

ಅಕ್ಕನ ಮನೆಗೂ ಒಂದು ಬಂತು. ಟಿವಿಯ ಕೆಳಗಿನ ಗೂಡಿನಲ್ಲಿ ಆ ಕೆಂಪು ಲಕೋಟೆಯನ್ನು ಅಕ್ಕ ಇಟ್ಟಿದ್ದಳು. ಹೋದ ತಿಂಗಳು ಫೋನ್ ಮಾಡಿದಾಗ ಅದು ಅಲ್ಲಿಲ್ಲ ಅಂದಳು. ಯಾಕೆ ಅಂದೆ. "ಪಕ್ಕದ ಮನೆಯವರು ಕೇಳಿದರು ಕಣೋ, ನೋಡಿ ಕೊಡಿ ಅಂತ ಕೊಟ್ಟಿದ್ದೆ, ನಿನ್ನೆ ವಾಪಸ್ ತಂದುಕೊಟ್ಟರು, ಇನ್ನೂ ಒಳಗಿಟ್ಟಿಲ್ಲ" ಅಂದಳು.

ನಮಸ್ಕಾರ.