ಕೊಡುವ ಮೊದಲು ಕೇಳಿ

ಮಡಿಕೇರಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ನೆರೆಯಿರಲಿ, ಭೂಕುಸಿತವಿರಲಿ, ಯುದ್ಧವಿರಲಿ, ನೆರವಿನ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವುದು ಒಂದೇ ಮಾತು: ಕೊಡುವ ಮೊದಲು ಕೇಳಿ.

2018ರ ಆಗಸ್ಟ್ ಮಳೆಗೆ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಸುತ್ತ ಗುಡ್ಡಗಳು ಜರಿದಾಗ, ಉಟ್ಟ ಬಟ್ಟೆಯಲ್ಲೇ ಓಡಿಬಂದ ಕುಟುಂಬಗಳಿದ್ದ ಒಂದು ಪರಿಹಾರ ಕೇಂದ್ರದಲ್ಲಿ ನಾನು ಕೆಲಸ ಮಾಡುತ್ತಿದ್ದೆ. ನಾಡಿನ ಮೂಲೆಮೂಲೆಯಿಂದ ಲಾರಿಗಳು ಬಂದವು. ಬ್ರೆಡ್ಡು, ಬಿಸ್ಕತ್ತು, ಹಳೆಯ ಸೀರೆಗಳು ಜಗಲಿಯಲ್ಲಿ ಸೊಂಟದೆತ್ತರ ಬಿದ್ದಿದ್ದವು. ತಳದ ಗಂಟುಗಳಿಗೆ ಆಗಲೇ ಬೂಷ್ಟು ಹಿಡಿದಿತ್ತು. ಅಲ್ಲೇ ಗೋಡೆಗೆ ಒರಗಿ ಕುಳಿತಿದ್ದ ಅಜ್ಜಿಯೊಬ್ಬರು ಎರಡು ದಿನದಿಂದ ತುತ್ತು ಮುಟ್ಟಿರಲಿಲ್ಲ. ಸ್ವಯಂಸೇವಕರು ಅನ್ನ ತಂದರು, ಗಂಜಿ ತಂದರು, ಕಂಬಳಿ ಹೊದಿಸಿದರು. ಪಕ್ಕದಲ್ಲಿ ಕುಳಿತು ಮಾತನಾಡಿಸಿದವರು ಮಾತ್ರ ಒಬ್ಬರೂ ಇರಲಿಲ್ಲ, ನಾನೂ ಸೇರಿದಂತೆ. ಮೂರನೆಯ ದಿನ ಅಡುಗೆಗೆ ನಿಂತಿದ್ದ ಹುಡುಗಿಯೊಬ್ಬಳು, "ಅಜ್ಜಿ, ನಿಮಗೇನು ಬೇಕು?" ಎಂದಳು. "ದನದ ಕಣ್ಣಿ ಬಿಚ್ಚದೆ ಬಂದುಬಿಟ್ಟೆ ಮಗಾ" ಎಂದರು. ರಕ್ಷಣಾ ತಂಡದೊಡನೆ ಹೊರಟಿದ್ದ ಊರಿನ ಯುವಕರಿಗೆ ಕೊಟ್ಟಿಗೆಯ ಗುರುತು ಹೇಳಿ ಕಳಿಸಿದೆವು. ಹಸು ಜೀವದಿಂದಿತ್ತು, ಕಣ್ಣಿ ಕೊಯ್ದು, ಮೇವಿರುವ ಕಡೆಗೆ ಅಟ್ಟಿ ಬಂದರು. ಅಂದು ರಾತ್ರಿ ಅಜ್ಜಿ ಗಂಜಿ ಕುಡಿದರು.

ಅಷ್ಟು ಲಾರಿಗಳಲ್ಲಿ ಯಾವುದೂ ತಾರದಿದ್ದದ್ದು ಆ ಒಂದು ಪ್ರಶ್ನೆಯನ್ನು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲೂ ಯಾರೂ ಕೇಳದ ಹಳೆಬಟ್ಟೆ ರಸ್ತೆಬದಿಯಲ್ಲಿ ರಾಶಿ ಬಿದ್ದಿತ್ತು. ಇನ್ನೂ ನಾವು ಕಲಿತಿಲ್ಲವೆಂಬುದು ನನಗೆ ನೋವಿನ ಸಂಗತಿ.

ನೆರವಿನ ಸಂಸ್ಥೆಗಳು ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಕೈಪಿಡಿಯು ತಲೆಗೆ ದಿನಕ್ಕೆ 15 ಲೀಟರ್ ನೀರು, 20 ಮಂದಿಗೆ ಒಂದು ಶೌಚಾಲಯ ಎಂದು ಕನಿಷ್ಠ ಅಳತೆ ಕೊಡುತ್ತದೆ. ಆ ಶೌಚಾಲಯ ಎಲ್ಲಿರಬೇಕೆಂದು ಹೆಂಗಸರನ್ನೇ ಕೇಳಬೇಕು. ದೀಪ, ಚಿಲಕಗಳಿಲ್ಲದ ಮೂಲೆಯಲ್ಲಿ ಕಟ್ಟಿದರೆ ಅವರು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಯುದ್ಧಭೂಮಿಯಲ್ಲಿ ಕೇಳದಿದ್ದರೆ ಪ್ರಾಣಕ್ಕೇ ಸಂಚಕಾರ. ಸುಡಾನಿನ ಡಾರ್ಫರ್‌ನಲ್ಲಿ ಸೌದೆಗೆಂದು ಶಿಬಿರದ ಹೊರಗೆ ಹೋದ ಹೆಂಗಸರ ಮೇಲೆ ಹಲ್ಲೆಗಳಾದವು. ಧಾನ್ಯ ಕೊಡುವಾಗಲೇ, ಬೇಯಿಸಲು ಸೌದೆ ಎಲ್ಲಿಂದ ತರುತ್ತೀರಿ ಎಂದೂ ಕೇಳಬೇಕು.

ಪುನರ್ವಸತಿಯ ಬಗ್ಗೆ ವಿವರವಾಗಿ ಹೇಳಲು ಸಮಯ ಉಳಿದಿಲ್ಲ. ಮನೆಯ ನಕ್ಷೆಗೆ ಸಹಿ ಹಾಕುವ ಅಧಿಕಾರಿಗಳು ಕೇಳುತ್ತಿದ್ದರೆ ಒಂದು ವಿನಂತಿ: ಕೊಟ್ಟಿಗೆ ಎಲ್ಲಿ ಕಟ್ಟಿಕೊಳ್ಳುತ್ತೀರಿ, ಕಾಫಿ ಎಲ್ಲಿ ಒಣಗಿಸುತ್ತೀರಿ, ತೋಟದ ಕೆಲಸಕ್ಕೆ ಇಲ್ಲಿಂದ ಹೇಗೆ ಹೋಗುತ್ತೀರಿ ಎಂದು ಆ ಮನೆಯವರನ್ನು ಸಹಿಗೆ ಮುಂಚೆ ಕೇಳಿ. ನಮಸ್ಕಾರ.